ತುಂಡನ್ನು ಕಂಡು ತೀರ್ಪು ಕೊಡಬೇಡಿ
ಸಮುದ್ರದ ಒಂದು ಪುರಾತನ ಜೀವಿ ಕಲಿಸುವ ಪಾಠ

ಕಣ್ಣಿಗೆ ಕಂಡ ಒಂದು ಚೂರನ್ನೇ ಇಡೀ ಸತ್ಯವೆಂದು ನಂಬಿಬಿಡುವುದು ಮನುಷ್ಯನ ಹಳೆಯ ದೌರ್ಬಲ್ಯ. ಅರ್ಧ ಮಾತು ಕಿವಿಗೆ ಬಿದ್ದರೆ ಉಳಿದರ್ಧವನ್ನು ಊಹೆಯೇ ತುಂಬಿಸಿಬಿಡುತ್ತದೆ. ಆ ಊಹೆ ನಾಲ್ಕು ಬಾಯಿ ದಾಟುವಷ್ಟರಲ್ಲಿ 'ಸುದ್ದಿ'ಯಾಗುತ್ತದೆ. ಒಬ್ಬ ಮನುಷ್ಯನ ಮಾನ, ಒಂದು ಹೆಣ್ಣುಮಗಳ ಮದುವೆ, ಅಣ್ಣತಮ್ಮಂದಿರ ಬಾಂಧವ್ಯ ಇಂತಹ ಅರ್ಧ ಮಾತಿನಿಂದ ಹಾಳಾದುದನ್ನು ನಾವೆಲ್ಲ ಕಂಡಿದ್ದೇವೆ.

ಈ ದೌರ್ಬಲ್ಯವು ಓದುಬರಹ ಇಲ್ಲದವರಿಗೆ ಮಾತ್ರ ಇದೆ ಎಂದು ತಿಳಿಯಬೇಕಾಗಿಲ್ಲ. ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರೂ ಇದಕ್ಕೆ ಒಳಗಾಗಿದ್ದಾರೆ. ಅದಕ್ಕೆ ಒಂದು ಸ್ವಾರಸ್ಯಕರ ಉದಾಹರಣೆ, ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದಲ್ಲಿ ಈಜುತ್ತಿದ್ದು ಈಗ ಸಂಪೂರ್ಣ ನಾಮಾವಶೇಷವಾಗಿರುವ 'ಅನೋಮಲೋಕಾರಿಸ್' ಎಂಬ ಜೀವಿ. ಅದರ ನಿಜರೂಪವನ್ನು ಅರಿಯಲು ವಿಜ್ಞಾನಿಗಳಿಗೆ ಸುಮಾರು ತೊಂಬತ್ತು ವರ್ಷಗಳು ಬೇಕಾದವು. ಅವರು ಎಡವಿದ್ದು ಎಲ್ಲಿ, ಎದ್ದು ನಿಂತದ್ದು ಹೇಗೆ ಎಂಬುದನ್ನು ತಿಳಿಯುವುದರಿಂದ ನಮ್ಮ ದೈನಂದಿನ ಬದುಕಿಗೂ ಪ್ರಯೋಜನವಿದೆ. ಭೂಮಿಯಲ್ಲಿ ಸಂಚರಿಸಿ, ಸೃಷ್ಟಿಯು ಹೇಗೆ ಆರಂಭವಾಯಿತೆಂದು ನೋಡಬೇಕೆಂಬ ಕರೆ ಪವಿತ್ರ ಕುರ್‌ಆನಿನ ಅಲ್ ಅನ್ಕಬೂತ್ ಅಧ್ಯಾಯದಲ್ಲಿದೆ. ನೋಡುವುದೆಂದರೆ ಕಣ್ಣು ಹಾಯಿಸುವುದಷ್ಟೇ ಅಲ್ಲ, ತಾಳ್ಮೆಯಿಂದ ಪರಿಶೀಲಿಸುವುದೂ ಹೌದು ಎಂಬುದಕ್ಕೆ ಈ ಜೀವಿಯ ಕಥೆ ಸಾಕ್ಷಿಯಾಗಿದೆ.

ಬೆಟ್ಟದ ಮೇಲೆ ಸಮುದ್ರದ ಜೀವಿಗಳು

ಕೆನಡಾ ದೇಶದ ಪಶ್ಚಿಮ ಭಾಗದಲ್ಲಿ ಬ್ರಿಟಿಷ್ ಕೊಲಂಬಿಯಾ ಎಂಬ ಪ್ರಾಂತವಿದೆ. ಅಲ್ಲಿನ ರಾಕಿ ಪರ್ವತಶ್ರೇಣಿಯಲ್ಲಿ, ಸಮುದ್ರಮಟ್ಟದಿಂದ 2000 ಮೀಟರಿಗೂ ಹೆಚ್ಚು ಎತ್ತರದಲ್ಲಿ 'ಬರ್ಜೆಸ್ ಶೇಲ್' ಎಂಬ ಹೆಸರಿನ ಕಪ್ಪು ಪದರಗಲ್ಲುಗಳಿವೆ. ಇಂದು ಹಿಮ ಬೀಳುವ ಈ ಎತ್ತರದ ಜಾಗವು ಸುಮಾರು 50 ಕೋಟಿ 80 ಲಕ್ಷ ವರ್ಷಗಳ ಹಿಂದೆ ಸಮುದ್ರದ ತಳವಾಗಿತ್ತು. ಭೂವಿಜ್ಞಾನಿಗಳು ಆ ಕಾಲವನ್ನು ಕೇಂಬ್ರಿಯನ್ ಯುಗವೆಂದು ಕರೆಯುತ್ತಾರೆ.

ಸಾಮಾನ್ಯವಾಗಿ ಪ್ರಾಣಿ ಸತ್ತಾಗ ಅದರ ಮೆದುವಾದ ಮೈ ಬೇಗನೆ ಕೊಳೆತುಹೋಗುತ್ತದೆ. ಚಿಪ್ಪು, ಮೂಳೆ, ಹಲ್ಲು ಮುಂತಾದ ಗಟ್ಟಿ ಭಾಗಗಳು ಮಾತ್ರ ಪಳೆಯುಳಿಕೆಗಳಾಗಿ ಉಳಿಯುತ್ತವೆ. ಆದರೆ ಇಲ್ಲಿ ಆದುದೇ ಬೇರೆ. ಸಮುದ್ರದೊಳಗಿನ ಒಂದು ಕಡಿದಾದ ಬಂಡೆಯ ಬುಡದಲ್ಲಿ ನಯವಾದ ಕೆಸರು ಮತ್ತೆ ಮತ್ತೆ ಕುಸಿದು, ಅಲ್ಲಿದ್ದ ಜೀವಿಗಳನ್ನು ಒಮ್ಮೆಲೇ ಮುಚ್ಚಿಬಿಟ್ಟಿತು. ಗಾಳಿಯ ಸಂಪರ್ಕವಿಲ್ಲದ ಆ ಕೆಸರಿನಲ್ಲಿ ಕೊಳೆಯುವಿಕೆ ನಿಧಾನವಾಯಿತು. ಕಣ್ಣು, ಕಿವಿರು, ಕರುಳು ಮೊದಲಾದ ಮೃದು ಅಂಗಗಳು ಕೂಡ ತೆಳ್ಳನೆಯ ಕಪ್ಪು ಗುರುತುಗಳಾಗಿ ಕಲ್ಲಿನಲ್ಲಿ ಅಚ್ಚೊತ್ತಿದವು. ಮುಂದೆ ಭೂಮಿಯ ಪದರಗಳು ಮೇಲೆದ್ದು ಪರ್ವತಗಳಾದಾಗ ಆ ಸಮುದ್ರತಳವೂ ಮೇಲಕ್ಕೆ ಬಂತು.

ಆದರೆ ಕೋಟ್ಯಂತರ ವರ್ಷಗಳ ಭಾರದಿಂದ ಈ ಜೀವಿಗಳು ಕಾಗದದಂತೆ ಚಪ್ಪಟೆಯಾಗಿವೆ. ಅನೇಕವು ಒಡೆದು ತುಂಡಾಗಿವೆ. ಒಂದರ ಮೇಲೊಂದು ಬಿದ್ದು ಬೆರೆತುಹೋಗಿರುವುದೂ ಉಂಟು. ಇವನ್ನು ಓದುವುದೆಂದರೆ, ಹರಿದು ಚೂರಾದ ಒಂದು ಹಳೆಯ ಪತ್ರವನ್ನು ಜೋಡಿಸಿ ಓದಿದಂತೆ. ತಪ್ಪು ಸಂಭವಿಸುವುದು ಇಲ್ಲಿಯೇ.

ತಲೆಯಿಲ್ಲದ ಸೀಗಡಿ

1880ರ ದಶಕದಲ್ಲಿ ಕೆನಡಾದ ಪೂರ್ವ ಪಶ್ಚಿಮಗಳನ್ನು ಜೋಡಿಸುವ ರೈಲುಹಾದಿ ಈ ಪರ್ವತಗಳ ನಡುವೆ ಹಾದುಬಂತು. ಹಾದಿಯ ಸಮೀಪದ ಮೌಂಟ್ ಸ್ಟೀಫನ್ ಎಂಬ ಬೆಟ್ಟದಲ್ಲಿ ಪಳೆಯುಳಿಕೆಗಳಿರುವುದು ಆಗ ಬೆಳಕಿಗೆ ಬಂತು. ಅಲ್ಲಿ ಸಿಕ್ಕಿದವುಗಳಲ್ಲಿ ಒಂದು ಬಗೆಯ ವಸ್ತು ಮತ್ತೆ ಮತ್ತೆ ಕಾಣುತ್ತಿತ್ತು. ಅದು ಬಾಗಿದ ಆಕಾರದ, ಗೆಣ್ಣು ಗೆಣ್ಣಾದ, ಕೆಳಭಾಗದಲ್ಲಿ ಮುಳ್ಳುಗಳಿದ್ದ ತುಂಡು. ಮೀನು ಮಾರುಕಟ್ಟೆಯಲ್ಲಿ ತಲೆ ಕಿತ್ತು ರಾಶಿ ಹಾಕಿದ ಸೀಗಡಿಯನ್ನು ಕಂಡವರಿಗೆ ಅದರ ನೋಟ ಸುಲಭವಾಗಿ ಅರ್ಥವಾದೀತು.

1892ರಲ್ಲಿ ಕೆನಡಾದ ವಿಜ್ಞಾನಿ ಜೋಸೆಫ್ ವೈಟೀವ್ಸ್ ಇದನ್ನು ವಿವರಿಸಿ 'ಅನೋಮಲೋಕಾರಿಸ್ ಕೆನಡೆನ್ಸಿಸ್' ಎಂದು ಹೆಸರಿಟ್ಟರು. 'ವಿಚಿತ್ರ ಸೀಗಡಿ' ಎಂಬುದು ಅದರ ಮೊದಲ ಪದದ ಅರ್ಥ. ಇದು ಸೀಗಡಿಯಂತಹ ಒಂದು ಪ್ರಾಣಿಯ ದೇಹ, ತಲೆ ಮಾತ್ರ ಕಳಚಿಹೋಗಿದೆ ಎಂದು ಅವರು ಭಾವಿಸಿದರು. ಅವರ ಕೈಗೆ ಸಿಕ್ಕಿದ ಪುರಾವೆಗೆ ಅದು ಸಹಜವಾದ ತೀರ್ಮಾನವೇ ಆಗಿತ್ತು.

ಆದರೆ ಒಂದು ಪ್ರಶ್ನೆ ಉಳಿದಿತ್ತು. ಸಿಕ್ಕಿದ ಅಷ್ಟೂ ಸೀಗಡಿಗಳಿಗೆ ತಲೆ ಇಲ್ಲದಿರುವುದೇಕೆ? ಒಂದಕ್ಕೋ ಎರಡಕ್ಕೋ ತಲೆ ಇಲ್ಲದಿದ್ದರೆ ಆಕಸ್ಮಿಕವೆನ್ನಬಹುದು. ಎಲ್ಲಕ್ಕೂ ಇಲ್ಲವೆಂದಾದರೆ ನಮ್ಮ ತಿಳುವಳಿಕೆಯಲ್ಲೇ ಏನೋ ಕೊರತೆಯಿದೆ ಎಂದರ್ಥವಲ್ಲವೇ? ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯಲು ದಶಕಗಳೇ ಕಳೆದವು. ಒಮ್ಮೆ ಹೆಸರು ಅಂಟಿಕೊಂಡ ಮೇಲೆ ನೋಡುವವರ ಕಣ್ಣಿಗೂ ಅದೇ ಕಾಣತೊಡಗುತ್ತದೆ!

ನಡುವೆ ತೂತಿರುವ ಜೆಲ್ಲಿ ಮೀನು

1909ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ವಾಲ್ಕಾಟ್ ಅದೇ ಪರ್ವತಶ್ರೇಣಿಯಲ್ಲಿ ಬರ್ಜೆಸ್ ಶೇಲ್‌ನ ಶ್ರೀಮಂತ ಪದರಗಳನ್ನು ಪತ್ತೆ ಹಚ್ಚಿದರು. ಮುಂದಿನ ವರ್ಷಗಳಲ್ಲಿ ಅವರು 65,000ಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿದರು. ಅಷ್ಟೊಂದು ಪರಿಶ್ರಮಿಯಾದ ಸಂಗ್ರಾಹಕರು ವಿರಳ.

1911ರಲ್ಲಿ ಅವರು ಎರಡು ಹೊಸ ಜೀವಿಗಳನ್ನು ಜಗತ್ತಿಗೆ ಪರಿಚಯಿಸಿದರು. ಒಂದು, ದುಂಡಗಿನ, ಸುತ್ತಲೂ ಫಲಕಗಳಿದ್ದ, ನಡುವೆ ತೂತಿರುವ ಆಕೃತಿ. ಅನಾನಸ್ ಹಣ್ಣನ್ನು ಅಡ್ಡಲಾಗಿ ಕೊಯ್ದು ನಡುವಿನ ದಿಂಡನ್ನು ತೆಗೆದರೆ ಸಿಗುವ ಬಿಲ್ಲೆಯಂತೆ ಅದು ಕಾಣುತ್ತಿತ್ತು. ಅದನ್ನು ಅವರು ಜೆಲ್ಲಿ ಮೀನು ಎಂದು ಪರಿಗಣಿಸಿ 'ಪೇಟೋಯಿಯಾ' ಎಂದು ಕರೆದರು. ಇನ್ನೊಂದು, ಉದ್ದನೆಯ, ಅಸ್ಪಷ್ಟವಾದ, ಚಪ್ಪಟೆ ದೇಹ. ಅದು ಸಮುದ್ರಸೌತೆ ಎಂಬ ಪ್ರಾಣಿಯೆಂದು ತಿಳಿದು 'ಲಗ್ಗಾನಿಯಾ' ಎಂದು ಹೆಸರಿಸಿದರು.

ಹೀಗೆ ಸೀಗಡಿ ಒಂದು, ಜೆಲ್ಲಿ ಮೀನು ಒಂದು, ಸಮುದ್ರಸೌತೆ ಒಂದು ಎಂದು ಮೂರು ಬೇರೆ ಬೇರೆ ಪ್ರಾಣಿಗಳು ಪುಸ್ತಕಗಳಲ್ಲಿ ನೆಲೆಯೂರಿದವು. ಇವುಗಳ ನಡುವೆ ಯಾವುದೇ ಸಂಬಂಧವಿದ್ದೀತೆಂದು ಆಗ ಯಾರೂ ಯೋಚಿಸಲಿಲ್ಲ. ಜೆಲ್ಲಿ ಮೀನಿನ ನಡುವೆ ತೂತು ಇರುವುದಿಲ್ಲ ಎಂಬ ವಿಷಯವೂ ಬಹುಕಾಲ ಯಾರನ್ನೂ ಹೆಚ್ಚು ಕಾಡಲಿಲ್ಲ.

1978ರಲ್ಲಿ ಸೈಮನ್ ಕಾನ್ವೇ ಮಾರಿಸ್ ಎಂಬ ತರುಣ ವಿಜ್ಞಾನಿ ಲಗ್ಗಾನಿಯಾದ ಕಲ್ಲನ್ನು ಮತ್ತೆ ಪರೀಕ್ಷಿಸಿದರು. ಅದರ ಒಂದು ತುದಿಯಲ್ಲಿ ಪೇಟೋಯಿಯಾದ ಬಿಲ್ಲೆ ಇರುವುದನ್ನು ಅವರು ಕಂಡರು. ಸತ್ಯವು ಅವರ ಕಣ್ಣೆದುರಿಗೇ ಇತ್ತು. ಆದರೆ, ಒಂದು ಸ್ಪಂಜಿನ ಮೇಲೆ ಜೆಲ್ಲಿ ಮೀನೊಂದು ಆಕಸ್ಮಿಕವಾಗಿ ಬಿದ್ದು ಎರಡೂ ಒಟ್ಟಿಗೆ ಕಲ್ಲಾಗಿವೆ ಎಂದೇ ಅವರು ತೀರ್ಮಾನಿಸಿದರು. ಹಳೆಯ ಹೆಸರುಗಳು ಮನಸ್ಸನ್ನು ಎಷ್ಟರ ಮಟ್ಟಿಗೆ ಕಟ್ಟಿಹಾಕುತ್ತವೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಮುಚ್ಚಿದ ಪದರದ ಕೆಳಗೆ

ಮೊದಲ ಸರಿಯಾದ ಹೆಜ್ಜೆಯನ್ನು ಇಟ್ಟವರು ಡೆರೆಕ್ ಬ್ರಿಗ್ಸ್. 'ತಲೆಯಿಲ್ಲದ ಸೀಗಡಿ'ಗಳನ್ನು ಅವರು ಒಂದೊಂದಾಗಿ ಪರೀಕ್ಷಿಸಿದರು. ಅದು ನಿಜವಾಗಿಯೂ ಒಂದು ಪ್ರಾಣಿಯ ದೇಹವಾಗಿದ್ದರೆ ಅದರೊಳಗೆ ಕರುಳಿನ ಗುರುತು ಇರಬೇಕಿತ್ತು. ಅದು ಎಲ್ಲೂ ಇರಲಿಲ್ಲ. ಆದುದರಿಂದ ಇದು ದೇಹವಲ್ಲ, ಯಾವುದೋ ದೊಡ್ಡ ಪ್ರಾಣಿಯ ಅಂಗ ಮಾತ್ರ ಎಂದು 1979ರಲ್ಲಿ ಅವರು ತಿಳಿಸಿದರು. ಆ ದೊಡ್ಡ ಪ್ರಾಣಿ ಯಾವುದೆಂಬುದು ಮಾತ್ರ ಇನ್ನೂ ತಿಳಿದಿರಲಿಲ್ಲ.

ಉತ್ತರ ದೊರೆತದ್ದು ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಹ್ಯಾರಿ ವಿಟಿಂಗ್ಟನ್ ಅವರ ಮೇಜಿನ ಮೇಲೆ. 1980ರ ದಶಕದ ಆರಂಭದಲ್ಲಿ ಅವರು ಗುರುತು ಹತ್ತದ ಒಂದು ಮಾದರಿಯನ್ನು ಕೈಗೆತ್ತಿಕೊಂಡರು. ಸಣ್ಣ ಉಪಕರಣದಿಂದ ಅದರ ಮೇಲಿದ್ದ ಕಲ್ಲಿನ ತೆಳು ಪದರವನ್ನು ಸ್ವಲ್ಪ ಸ್ವಲ್ಪವಾಗಿ ಕೆತ್ತಿ ತೆಗೆಯತೊಡಗಿದರು. ಪದರ ಸರಿದಂತೆ ದೇಹದ ಮುಂಭಾಗದಲ್ಲಿ ಬಾಗಿದ, ಮುಳ್ಳುಗಳುಳ್ಳ ಅಂಗ ಹೊರಬಂತು. ಅದೇ 'ಸೀಗಡಿ'! ಅದರ ಹಿಂದೆ ದುಂಡಗಿನ ಬಿಲ್ಲೆ. ಅದೇ 'ಜೆಲ್ಲಿ ಮೀನು'! ಮೂರು ಪ್ರಾಣಿಗಳೆಂದು ಪ್ರಸಿದ್ಧವಾಗಿದ್ದವು ಮುಂಗೈ, ಬಾಯಿ ಮತ್ತು ಮೈ ಆಗಿದ್ದವು!

1985ರಲ್ಲಿ ವಿಟಿಂಗ್ಟನ್ ಮತ್ತು ಬ್ರಿಗ್ಸ್ ಜತೆಗೂಡಿ ಇದನ್ನು ಪ್ರಕಟಿಸಿದರು. 'ಇದು ಬರೀ ಅಂಗ' ಎಂದು ಕಂಡುಕೊಂಡಿದ್ದ ಬ್ರಿಗ್ಸ್, ಅದನ್ನು ಒಂದು ಭಾರೀ ಪ್ರಾಣಿಯ ನಡೆಯುವ ಕಾಲು ಎಂದು ಆರು ವರ್ಷಗಳ ಹಿಂದೆ ಊಹಿಸಿದ್ದರು. ಹೊಸ ಪುರಾವೆ ಬಂದಾಗ ತಮ್ಮ ಊಹೆಯನ್ನು ಕೈಬಿಟ್ಟು ಅವರು ಸತ್ಯದ ಜೊತೆ ನಿಂತರು. ಇದರಿಂದ ಅವರ ಗೌರವ ಕಡಿಮೆಯಾಗಲಿಲ್ಲ, ಹೆಚ್ಚಿತು.

ಇನ್ನೊಂದು ಅಂಶವನ್ನೂ ನೆನಪಿಡಬೇಕು. ಸತ್ಯವು ದೊರೆತದ್ದು ಹೊಸ ಗಣಿ ತೋಡಿದ್ದರಿಂದ ಅಲ್ಲ. ಮೊದಲೇ ಸಂಗ್ರಹವಾಗಿದ್ದ ಕಲ್ಲಿನಲ್ಲೇ ಅದು ಅಡಗಿತ್ತು. ಮೇಲಿನ ಪದರವನ್ನು ಸರಿಸಿ ನೋಡುವ ತಾಳ್ಮೆಯೊಂದೇ ಬೇಕಾಗಿದ್ದುದು.

ಆ ಜೀವಿಯ ನಿಜರೂಪ

ಹಾಗಾದರೆ ಅನೋಮಲೋಕಾರಿಸ್ ಹೇಗಿತ್ತು? ಏಡಿ, ಸೀಗಡಿ, ಜೇಡ, ಚೇಳು ಮತ್ತು ಕೀಟಗಳನ್ನು ಒಳಗೊಂಡ ಸಂಧಿಪದಿಗಳೆಂಬ ದೊಡ್ಡ ಗುಂಪಿನ ಹತ್ತಿರದ, ಬಹು ಪುರಾತನವಾದ ಒಂದು ಶಾಖೆಗೆ ಅದು ಸೇರಿದ್ದು. ಈಗಿನ ಅಂದಾಜಿನಂತೆ ಅದರ ಮೈ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಉದ್ದ. ಇದೇನು ದೊಡ್ಡದು ಎಂದು ನಮಗೆ ಅನಿಸಬಹುದು. ಆದರೆ ಆ ಕಾಲದ ಹೆಚ್ಚಿನ ಜೀವಿಗಳು ಬೆರಳುದ್ದವೂ ಇರಲಿಲ್ಲ. ಅಂತಹ ಸಮುದ್ರದಲ್ಲಿ ಇದು ದೈತ್ಯನೇ ಸರಿ.

ಮೈಯ ಎರಡು ಪಕ್ಕಗಳಲ್ಲಿ ಸಾಲಾಗಿ ಅಗಲವಾದ ರೆಕ್ಕೆಗಳಂತಹ ಹಾಳೆಗಳಿದ್ದವು. ಅವನ್ನು ಅಲೆಯಲೆಯಾಗಿ ಆಡಿಸುತ್ತಾ ಅದು ಈಜುತ್ತಿತ್ತು. ಹಿಂದೆ ಬೀಸಣಿಗೆಯಂತಹ ಬಾಲ. ಬಾಯಿಯ ಮುಂದೆ ಬೇಟೆಯನ್ನು ಹಿಡಿಯಲು ಎರಡು ಮುಳ್ಳುಗೈಗಳು. ತಲೆಯ ಎರಡೂ ಕಡೆ ತೊಟ್ಟಿನ ಮೇಲೆ ನಿಂತ ದೊಡ್ಡ ಕಣ್ಣುಗಳು.

ಆ ಕಣ್ಣುಗಳ ವಿಷಯವೇ ಅದ್ಭುತ. ಆಸ್ಟ್ರೇಲಿಯಾದ ದಕ್ಷಿಣದಲ್ಲಿ ಕಾಂಗರೂ ದ್ವೀಪ ಎಂಬುದಿದೆ. ಅಲ್ಲಿನ ಸುಮಾರು 51 ಕೋಟಿ ವರ್ಷ ಹಳೆಯ ಕಲ್ಲುಗಳಲ್ಲಿ ಈ ಬಳಗದ್ದೆಂದು ಗುರುತಿಸಲಾದ ಕಣ್ಣುಗಳ ವಿವರ 2011ರಲ್ಲಿ ಪ್ರಕಟವಾಯಿತು. ಎರಡು ಮೂರು ಸೆಂಟಿಮೀಟರ್ ಅಗಲದ ಒಂದೊಂದು ಕಣ್ಣಿನಲ್ಲೂ 16,000ಕ್ಕಿಂತ ಹೆಚ್ಚು ಪುಟ್ಟ ಮಸೂರಗಳಿದ್ದವು. ನಮ್ಮ ಮನೆಯ ನೊಣದ ಕಣ್ಣಿನಲ್ಲಿರುವುದು ಕೆಲವೇ ಸಾವಿರ. ಅಷ್ಟು ಹಿಂದಿನ ಕಾಲದಲ್ಲೇ ಇಷ್ಟು ಸೂಕ್ಷ್ಮವಾದ ದೃಷ್ಟಿ! ಸೃಷ್ಟಿಯ ಆದಿಕಾಲದ ಜೀವಿಗಳೆಂದರೆ ಒರಟೊರಟಾದ ಅರೆಬರೆ ಜೀವಿಗಳೆಂದು ಭಾವಿಸುವವರು ಈ ಕಣ್ಣುಗಳ ಮುಂದೆ ಒಂದು ಕ್ಷಣ ನಿಂತು ಚಿಂತಿಸಬೇಕು.

ತಿದ್ದುಪಡಿ ಅಲ್ಲಿಗೇ ಮುಗಿಯಲಿಲ್ಲ

1985ರಲ್ಲಿ ದೊರೆತ ಚಿತ್ರವು ಬಹುಪಾಲು ಸರಿಯಾಗಿತ್ತು, ಆದರೆ ಪೂರ್ತಿ ಸರಿಯಾಗಿರಲಿಲ್ಲ. ಎರಡು ಸೋದರ ಪ್ರಾಣಿಗಳ ಅಂಗಗಳು ಅದರಲ್ಲಿ ಬೆರೆತಿದ್ದವು. ಟೊರಾಂಟೋದ ರಾಯಲ್ ಆಂಟಾರಿಯೋ ಮ್ಯೂಸಿಯಂನ ಡೆಸ್ಮಂಡ್ ಕಾಲಿನ್ಸ್ ಹೆಚ್ಚು ಪೂರ್ಣವಾದ ಮಾದರಿಗಳನ್ನು ಸಂಗ್ರಹಿಸಿ, 1996ರಲ್ಲಿ ಇವೆರಡನ್ನೂ ಬೇರ್ಪಡಿಸಿದರು. ಲಗ್ಗಾನಿಯಾ ಎಂದಿದ್ದ ಮೈ ಅನೋಮಲೋಕಾರಿಸ್‌ನದ್ದಲ್ಲ, ಅದರ ಸೋದರ ಜೀವಿಯದ್ದು. ಆ ಜೀವಿಯನ್ನು ಈಗ ಪೇಟೋಯಿಯಾ ಎಂದೇ ಕರೆಯುತ್ತಾರೆ. 2012ರಲ್ಲಿ ಇನ್ನೊಂದು ತಿದ್ದುಪಡಿ ಬಂತು. ಆ 'ಅನಾನಸ್ ಬಿಲ್ಲೆ'ಯಲ್ಲಿ ನಾಲ್ಕು ದೊಡ್ಡ ಫಲಕಗಳಿವೆ. ಅನೋಮಲೋಕಾರಿಸ್‌ನ ಬಾಯಿಯಲ್ಲಿರುವುದು ಮೂರು ದೊಡ್ಡ ಫಲಕಗಳು. ಆದುದರಿಂದ ಆ ಬಾಯಿಯೂ ಸೋದರ ಜೀವಿಯದ್ದೇ ಎಂದು ತಿಳಿಯಿತು.

ಮತ್ತೊಂದು ಮಹತ್ವದ ಸುಳಿವು ದೊರೆತದ್ದು ಮೊರಾಕೊ ದೇಶದ ಮರುಭೂಮಿಯಲ್ಲಿ. ಅಲ್ಲಿನ ಝಗೋರಾ ಪಟ್ಟಣದ ಆಸುಪಾಸಿನ ಕಲ್ಲುಗಳಲ್ಲಿ ಅಪೂರ್ವ ಪಳೆಯುಳಿಕೆಗಳಿರುವುದನ್ನು ಗುರುತಿಸಿ ವಿದ್ವಾಂಸರ ಗಮನಕ್ಕೆ ತಂದವರು ಮುಹಮ್ಮದ್ ಬೆನ್ ಮೂಲಾ ಎಂಬ ಸ್ಥಳೀಯ ಸಂಗ್ರಾಹಕರು. ಅವರು ಕಂಡುಹಿಡಿದ ಒಂದು ಜೀವಿಯ ವಿವರವು 2015ರಲ್ಲಿ ಪ್ರಕಟವಾದಾಗ ಅವರ ಗೌರವಾರ್ಥ ಅದಕ್ಕೆ 'ಏಜಿರೋಕ್ಯಾಸಿಸ್ ಬೆನ್ಮೂಲೇ' ಎಂದು ಹೆಸರಿಡಲಾಯಿತು. ಸುಮಾರು 48 ಕೋಟಿ ವರ್ಷಗಳ ಹಿಂದಿನ ಈ ಜೀವಿ ಅನೋಮಲೋಕಾರಿಸ್‌ನ ಬಳಗದ್ದು. ಉದ್ದ ಸುಮಾರು ಎರಡು ಮೀಟರ್! ಆದರೆ ಅದು ಬೇಟೆಗಾರನಲ್ಲ. ಅದರ ಮುಂಗೈಗಳು ಬಾಚಣಿಗೆಯಂತಿದ್ದು, ನೀರಿನಲ್ಲಿ ತೇಲುವ ಅತಿ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತಿತ್ತು. ಅದರ ಪಳೆಯುಳಿಕೆಯು ಚಪ್ಪಟೆಯಾಗದೆ ಉಬ್ಬಿದಂತೆಯೇ ಉಳಿದಿದ್ದುದರಿಂದ, ಪ್ರತಿ ಖಂಡದಲ್ಲೂ ಎರಡೆರಡು ಜೋಡಿ ಹಾಳೆಗಳಿದ್ದುದು ಸ್ಪಷ್ಟವಾಯಿತು. ಈ ಬಳಗಕ್ಕೂ ಸಂಧಿಪದಿಗಳಿಗೂ ಇರುವ ಸಂಬಂಧವನ್ನು ಅರಿಯಲು ಅದು ಬಹಳ ನೆರವಾಯಿತು.

ದೊಡ್ಡ ವಿಶ್ವವಿದ್ಯಾನಿಲಯಗಳ ವಿದ್ವಾಂಸರಿಗೆ ದಾರಿ ತೋರಿಸಿದ್ದು ಊರಿನ ನೆಲವನ್ನು ಬಲ್ಲ ಒಬ್ಬ ಸಾಮಾನ್ಯ ಮನುಷ್ಯ. ಜ್ಞಾನವು ಯಾರ ಬಳಿಯಿದ್ದರೂ ಅದನ್ನು ಗೌರವಿಸಬೇಕೆಂಬುದಕ್ಕೆ ಇದೂ ಒಂದು ನಿದರ್ಶನ.

ಹೊರಿಸಲಾಗಿದ್ದ ಆರೋಪ

ಅನೋಮಲೋಕಾರಿಸ್‌ನ ಮೇಲೆ ಒಂದು ಆರೋಪವೂ ಇತ್ತು. ಆ ಕಾಲದ ಸಮುದ್ರದಲ್ಲಿ ಟ್ರೈಲೋಬೈಟ್ ಎಂಬ ಗಟ್ಟಿ ಕವಚದ ಜೀವಿಗಳು ಹೇರಳವಾಗಿದ್ದವು. ಅವುಗಳ ಕೆಲವು ಪಳೆಯುಳಿಕೆಗಳಲ್ಲಿ ಕಚ್ಚಿದ ಗಾಯದ ಗುರುತುಗಳಿವೆ. ಗಾಯ ಮಾಡಿದವರು ಯಾರು? ಸುತ್ತಮುತ್ತ ಇದ್ದ ದೊಡ್ಡ ಬೇಟೆಗಾರ ಅನೋಮಲೋಕಾರಿಸ್. ನೋಡಲೂ ಭಯಂಕರ. ಹೀಗಾಗಿ ಬೆರಳು ಅದರ ಕಡೆಗೇ ಚಾಚಿತು. ಟ್ರೈಲೋಬೈಟ್‌ಗಳನ್ನು ಪುಡಿಮಾಡಿ ತಿನ್ನುವ ಕ್ರೂರಿ ಎಂಬ ಚಿತ್ರ ಪುಸ್ತಕಗಳಲ್ಲೂ ವಸ್ತುಸಂಗ್ರಹಾಲಯಗಳಲ್ಲೂ ಹರಡಿತು.

2023ರಲ್ಲಿ ರಸೆಲ್ ಬಿಕ್ನೆಲ್ ಮತ್ತು ಅವರ ಸಂಗಡಿಗರು ಈ ಆರೋಪವನ್ನು ಪರೀಕ್ಷೆಗೆ ಒಡ್ಡಿದರು. ಕಂಪ್ಯೂಟರಿನ ನೆರವಿನಿಂದ ಆ ಮುಳ್ಳುಗೈಗಳ ಮಾದರಿ ರಚಿಸಿ, ಅವು ಎಷ್ಟು ಒತ್ತಡ ತಡೆಯಬಲ್ಲವೆಂದು ಲೆಕ್ಕ ಹಾಕಿದರು. ಇಂದಿನ ಕೆಲವು ಸಂಧಿಪದಿಗಳ ಬೇಟೆಯ ಕೈಗಳೊಡನೆ ಹೋಲಿಸಿದರು. ಗಟ್ಟಿ ಕವಚದ ಟ್ರೈಲೋಬೈಟನ್ನು ಹಿಡಿದು ಹಿಚುಕಿದ್ದರೆ ಆ ಕೈಗಳೇ ಮುರಿದುಹೋಗುವ ಸಂಭವವಿತ್ತು ಎಂದು ಕಂಡುಬಂತು. ಅದು ಕೈಗಳನ್ನು ಮುಂದಕ್ಕೆ ಚಾಚಿ ವೇಗವಾಗಿ ಈಜುತ್ತಾ, ನೀರಿನಲ್ಲಿರುವ ಮೆತ್ತನೆಯ ಜೀವಿಗಳನ್ನು ಹಿಡಿಯುತ್ತಿದ್ದಿರಬೇಕು ಎಂಬುದು ಅವರ ನಿರ್ಣಯ. ಕೆಲವು ಗಾಯಗಳಿಗೆ ಟ್ರೈಲೋಬೈಟ್‌ಗಳದ್ದೇ ಒಂದು ದೊಡ್ಡ ಜಾತಿ ಕಾರಣವಾಗಿದ್ದಿರಬಹುದೆಂದೂ ಇತ್ತೀಚಿನ ಅಧ್ಯಯನಗಳು ಸೂಚಿಸಿವೆ. ನೋಟ ಭಯಂಕರವಾಗಿದ್ದ ಮಾತ್ರಕ್ಕೆ ಹೊರಿಸಿದ ಅಪರಾಧವು ಪುರಾವೆಯ ಮುಂದೆ ನಿಲ್ಲಲಿಲ್ಲ!

ನಮ್ಮ ನಡತೆಗೆ ಇದರಲ್ಲಿರುವ ಪಾಠ

ಒಂದು ಕಲ್ಲಿನ ಚೂರಿನ ವಿಷಯದಲ್ಲಿ ತಪ್ಪಿದರೆ ಯಾರಿಗೂ ನೋವಾಗುವುದಿಲ್ಲ. ತೊಂಬತ್ತು ವರ್ಷಗಳ ನಂತರವಾದರೂ ಅದನ್ನು ತಿದ್ದಬಹುದು. ಆದರೆ ಜೀವಂತ ಮನುಷ್ಯನ ವಿಷಯದಲ್ಲಿ ನಮಗೆ ಅಷ್ಟು ಕಾಲಾವಕಾಶ ಇದೆಯೇ? ಹುಡುಗಿಯೊಬ್ಬಳು ಯಾರೊಂದಿಗೋ ಬಸ್ ನಿಲ್ದಾಣದಲ್ಲಿ ಮಾತಾಡುತ್ತಿದ್ದಳು ಎಂಬ ಮಾತು ಹಬ್ಬುತ್ತದೆ. ಆತ ಅವಳ ತಾಯಿಯ ಸ್ವಂತ ತಮ್ಮನೆಂದು ತಿಳಿಯುವಷ್ಟರಲ್ಲಿ ಬಂದ ಸಂಬಂಧ ಮುರಿದುಹೋಗಿರುತ್ತದೆ. ಜಮಾಅತ್‌ನ ಲೆಕ್ಕದಲ್ಲಿ ಒಂದು ರಸೀದಿ ಕಾಣಲಿಲ್ಲವೆಂದು ಖಜಾಂಚಿಯ ಪ್ರಾಮಾಣಿಕತೆಯನ್ನೇ ಸಂಶಯಿಸಲಾಗುತ್ತದೆ. ರಸೀದಿ ಮುಂದಿನ ವಾರ ಸಿಗುತ್ತದೆ, ಹೋದ ಮಾನ ಸಿಗುವುದಿಲ್ಲ. ಇಂದು ಮೊಬೈಲಿನಲ್ಲಿ ಬರುವ ಅರ್ಧ ನಿಮಿಷದ ದೃಶ್ಯಗಳಂತೂ ತಲೆ ಕಿತ್ತ ಸೀಗಡಿಗಳೇ. ಹಿಂದು ಮುಂದಿನದ್ದನ್ನು ಕತ್ತರಿಸಿ ತೆಗೆದ ತುಂಡನ್ನು ನೋಡಿ ನಾವು ತೀರ್ಪು ಬರೆದು ನೂರು ಜನರಿಗೆ ಕಳುಹಿಸಿಬಿಡುತ್ತೇವೆ.

ಸುದ್ದಿ ಬಂದರೆ ಮೊದಲು ವಿಚಾರಿಸಿ ಖಚಿತಪಡಿಸಿಕೊಳ್ಳಬೇಕು, ತಿಳಿಯದೆ ಯಾರಿಗಾದರೂ ಹಾನಿಮಾಡಿ ಅನಂತರ ಪಶ್ಚಾತ್ತಾಪ ಪಡುವಂತಾಗಬಾರದು ಎಂಬ ಆದೇಶ ಅಲ್ ಹುಜುರಾತ್ ಅಧ್ಯಾಯದಲ್ಲಿದೆ. ಗುಮಾನಿಯಿಂದ ದೂರವಿರಬೇಕು, ಅಡ್ಡಹೆಸರುಗಳಿಂದ ಕರೆಯಬಾರದು ಎಂಬ ಸೂಚನೆಗಳೂ ಅಲ್ಲಿಯೇ ಇವೆ. ಅಡ್ಡಹೆಸರಿನ ವಿಷಯ ಬಂದಾಗ ನಮ್ಮ ಈ ಜೀವಿಯನ್ನು ನೆನೆಯಬಹುದು. ಅದು ಸೀಗಡಿಯಲ್ಲವೆಂದು ಜಗತ್ತಿಗೆಲ್ಲ ತಿಳಿದಿದೆ. ಆದರೂ ಮೊದಲು ಇಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದಾಗಿ ಅದು ಇಂದಿಗೂ 'ವಿಚಿತ್ರ ಸೀಗಡಿ'ಯೇ! ಶಾಲೆಯಲ್ಲೋ ಮನೆಯಲ್ಲೋ ಒಂದು ಮಗುವಿಗೆ 'ದಡ್ಡ', 'ಕಳ್ಳ' ಎಂದು ಅಂಟಿಸಿದ ಹೆಸರು, ಆ ಮಗು ಬದಲಾದ ಮೇಲೂ ಜೀವನಪೂರ್ತಿ ಬೆನ್ನು ಬಿಡದಿರಬಹುದು.

ಈ ಕಥೆಯಿಂದ ನಾಲ್ಕು ಮಾತುಗಳನ್ನು ಮನದಲ್ಲಿಡೋಣ.

1. ತುಂಡು ಸಿಕ್ಕಿದಾಗ ಅದನ್ನು ತುಂಡು ಎಂದೇ ಕರೆಯಬೇಕು. 'ನನಗೆ ತಿಳಿದಿರುವುದು ಇಷ್ಟೇ' ಎನ್ನುವುದರಲ್ಲಿ ಅವಮಾನವಿಲ್ಲ.

2. ನಮ್ಮ ತೀರ್ಮಾನಕ್ಕೆ ಹೊಂದದ ಅಂಶ ಕಂಡಾಗ ಅದನ್ನು ಬದಿಗೆ ಸರಿಸಬಾರದು. ಎಲ್ಲ ಸೀಗಡಿಗಳಿಗೂ ತಲೆಯಿಲ್ಲದಿರುವುದೇ ಒಂದು ಸಾಕ್ಷಿಯಾಗಿತ್ತು.

3. ಮುಚ್ಚಿದ ಪದರವನ್ನು ಸರಿಸುವ ಕೆಲಸ ಮೆಲ್ಲಗೆ, ಮೃದುವಾಗಿ ಆಗಬೇಕು. ಸಂಬಂಧಪಟ್ಟವರನ್ನೇ ಏಕಾಂತದಲ್ಲಿ ಕೇಳುವುದು ಅದರ ಮೊದಲ ಹೆಜ್ಜೆ. ಇತರರ ಗುಟ್ಟನ್ನು ಕೆದಕುವುದು ವಿಚಾರಣೆಯಲ್ಲ.

4. ತಪ್ಪು ತಿಳಿದುಬಂದಾಗ, ಅದನ್ನು ಹೇಳಿದಷ್ಟೇ ಬಹಿರಂಗವಾಗಿ ತಿದ್ದಬೇಕು. ನಾಲ್ಕು ಜನರ ಮುಂದೆ ಆಡಿದ ಮಾತನ್ನು ಒಬ್ಬರ ಕಿವಿಯಲ್ಲಿ ಹಿಂದೆಗೆದುಕೊಂಡರೆ ಸಾಲದು.

ಮಕ್ಕಳೊಂದಿಗೆ ಕುಳಿತಾಗ ಈ ಜೀವಿಯ ಕಥೆಯನ್ನು ಹೇಳಿರಿ. ಒಂದು ಚಿತ್ರವನ್ನು ಕಾಗದದಿಂದ ಮುಚ್ಚಿ, ಅದರ ಮೂಲೆಯೊಂದನ್ನು ಮಾತ್ರ ತೋರಿಸಿ 'ಇದೇನು?' ಎಂದು ಕೇಳಿರಿ. ಅವರು ಹೇಳುವ ಉತ್ತರಗಳನ್ನು ಬರೆದುಕೊಂಡು, ಅನಂತರ ಕಾಗದವನ್ನು ಪೂರ್ತಿ ಸರಿಸಿರಿ. ಅವರು ನಗುತ್ತಾರೆ, ಜೊತೆಗೆ ಕಲಿಯುತ್ತಾರೆ. ಮರುದಿನ ಯಾರ ಬಗ್ಗೆಯಾದರೂ ಅರ್ಧ ಮಾತನ್ನು ಮನೆಗೆ ಹೊತ್ತು ತಂದಾಗ, 'ಪೂರ್ತಿ ಚಿತ್ರ ನೋಡಿದ್ದೀಯಾ ಮಗೂ?' ಎಂದು ಕೇಳಿದರೆ ಸಾಕು. ಅದೇ ಪ್ರಶ್ನೆಯನ್ನು ಹಿರಿಯರಾದ ನಾವು ಮೊದಲು ನಮಗೆ ಕೇಳಿಕೊಳ್ಳಬೇಕಾಗಿದೆ.